ಅಪ್ಪ ಈಗಲೂ ನಾಲ್ಕಕ್ಕೇ ಏಳುತ್ತಾರೆ

ಪ್ರಶ್ನೆ: ನನ್ನ ತವರು ದೇವನಹಳ್ಳಿ ಹತ್ತಿರದ ಒಂದು ಹಳ್ಳಿ. ನಾನು ಹೈಸ್ಕೂಲಲ್ಲಿ ಇದ್ದಾಗ ಮನೆಯಲ್ಲಿ ರೇಷ್ಮೆ, ರಾಗಿ, ಎರಡು ಎಮ್ಮೆ. ಏರ್‌ಪೋರ್ಟ್ ಬಂತು, ರಸ್ತೆ ಬಂತು, ಮುಕ್ಕಾಲು ಪಾಲು ಜಮೀನು ಹೋಯಿತು, ದುಡ್ಡು ಬಂತು. ಈಗ ಮೂರಂತಸ್ತಿನ ಮನೆ, ಕೆಳಗೆ ಬಾಡಿಗೆದಾರರು. ಅಪ್ಪನಿಗೆ 66. ಬಿಪಿ ಬಿಟ್ಟರೆ ಕಾಯಿಲೆ ಇಲ್ಲ, ಆದರೆ ಮಾತೇ ನಿಂತುಹೋಗಿದೆ. ಈಗಲೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗೇಟ್ ತೆಗೆದು ನಿಂತಿರುತ್ತಾರೆ. ತಮ್ಮನಿಗೆ ಕಾರು, ಗೆಳೆಯರು, ಕುಡಿತ, ಸಿಟ್ಟು. ಗಂಡನ ಊರು ಕೊಪ್ಪ ತಾಲ್ಲೂಕು. ಅಲ್ಲಿ ನಾನು ಮದುವೆಯಾಗಿ ಹೋದಾಗ ಹೇಗಿತ್ತೋ ಇವತ್ತೂ ಹಾಗೇ ಇದೆ, ಅಡಿಕೆ ತೋಟ ಸ್ವಲ್ಪ ಹಳದಿಯಾಗಿದೆ ಅಷ್ಟೆ. ಆದರೆ ಅತ್ತೆಯೂ ಥೇಟ್ ನಮ್ಮಪ್ಪನ ಹಾಗೇ ಮಂಕಾಗಿದ್ದಾರೆ. ಒಂದೂರು ಓಡಿ ಓಡಿ ಸುಸ್ತಾಗಿದೆ, ಇನ್ನೊಂದು ಕೂತು ಕೂತು. ಮನಸ್ಸಿಗೆ ಯಾವುದು ಕೆಟ್ಟದ್ದು, ವೇಗವಾ ನಿಧಾನವಾ? ಅಪ್ಪನನ್ನು ಬೆಂಗಳೂರಿಗೆ ನಮ್ಮ ಫ್ಲ್ಯಾಟಿಗೆ ಕರೆತಂದರೆ ಸರಿಹೋಗುತ್ತಾರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕಣ್ಣು ನಿಂತಿದ್ದು ನೀವು ಸುಮ್ನೆ ಹೇಳಿ ಮುಂದಕ್ಕೆ ಹೋದ ಆ ನಾಲ್ಕು ಗಂಟೆಯ ಮೇಲೆ.

ರೇಷ್ಮೆ ಸಾಕಿದ ಮನೆಯಲ್ಲಿ ನಾಲ್ಕು ಗಂಟೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಬೇರೆ ಓದುಗರಿಗಾಗಿ ಹೇಳುತ್ತೇನೆ. ಬಿಸಿಲೇರುವ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಬೇಕು. ಒದ್ದೆ ಸೊಪ್ಪು ಹಾಕುವ ಹಾಗಿಲ್ಲ, ಬಾಡಿದ ಸೊಪ್ಪೂ ಹಾಕುವ ಹಾಗಿಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಅಂತಾರೆ. ಜ್ವರ ಕೂತಾಗ ಮೇವು ನಿಲ್ಲಿಸಬೇಕು, ಎದ್ದ ಕೂಡಲೇ ಕೊಡಬೇಕು. ಕೊನೆಯ ವಾರದಲ್ಲಂತೂ ರಾತ್ರಿಯಿಡೀ ಸೋನೆ ಮಳೆಯ ಹಾಗೆ ಹುಳು ಸೊಪ್ಪು ಕಡಿಯುವ ಸದ್ದು. ಹುಳು ಹಣ್ಣಾದ ದಿನ ಮಕ್ಕಳಿಗೂ ಸ್ಕೂಲಿಲ್ಲ, ಎಲ್ಲರೂ ಕೂತು ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಆಮೇಲೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದರೆ ಎರಡು ದಿನ ಬಿಡುವು, ಮತ್ತೆ ಚಾಕಿ, ಅಂದರೆ ಮರಿ ಹುಳು ಸಾಕುವ ಕೆಲಸ. ಸುಮಾರು ನಾಲ್ಕು ವಾರಕ್ಕೆ ಒಂದು ಸುತ್ತು. ನಿಮ್ಮಪ್ಪ ಇಂಥ ಎಷ್ಟು ನೂರು ಸುತ್ತು ಮುಗಿಸಿದ್ದಾರೋ. ಅವರ ಮೈಯೊಳಗೆ ಒಂದು ಗಡಿಯಾರ ಕೂತಿದೆ. ಜಮೀನು ಬರೆದುಕೊಟ್ಟಾಗ ಆ ಗಡಿಯಾರವನ್ನು ಯಾರೂ ತಗೊಂಡು ಹೋಗಲಿಲ್ಲ. ಅದು ಇವತ್ತೂ ನಾಲ್ಕಕ್ಕೆ ಬಡಿಯುತ್ತದೆ. ಅವರು ಎದ್ದು ಬರುತ್ತಾರೆ. ಮಾಡಲು ಕೆಲಸ ಇಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ವೇಗ ಒಂದನ್ನೇ ಅಳೆದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಮನೆಯಲ್ಲಿ ಎಷ್ಟು ಗಡಿಯಾರಗಳಿವೆ, ಅವು ಎಷ್ಟು ಹಿಂದುಮುಂದು ಓಡುತ್ತಿವೆ ಅಂತ ನೋಡಬೇಕು. ದುಡ್ಡು ಒಂದು ದಿನದಲ್ಲಿ ಖಾತೆಗೆ ಬೀಳುತ್ತದೆ. ಮನೆ ಒಂದು ವರ್ಷದಲ್ಲಿ ಏಳುತ್ತದೆ. ಏಳುವ ಹೊತ್ತು, ಉಣ್ಣುವ ಹೊತ್ತು, ಯಾರನ್ನು ನೋಡಿದರೆ ಎದ್ದು ನಿಲ್ಲಬೇಕು ಅನ್ನುವ ರೂಢಿ, ಇವೆಲ್ಲ ಬದಲಾಗಲು ಹತ್ತಿಪ್ಪತ್ತು ವರ್ಷ ಬೇಕು. ಇನ್ನು 'ನಾನು ಯಾರು' ಅನ್ನುವುದು ಕೆಲವರಿಗೆ ಆ ಜನ್ಮದಲ್ಲಿ ಬದಲಾಗುವುದೇ ಇಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ 1922ರಲ್ಲೇ ಇದನ್ನು ಹೇಳಿದ್ದ. ಯಂತ್ರ, ರಸ್ತೆ, ದುಡ್ಡು ಮುಂದೆ ಓಡುತ್ತವೆ, ರೀತಿ ನೀತಿ ಕುಂಟುತ್ತಾ ಹಿಂದೆ ಬರುತ್ತವೆ, ನಡುವಿನ ಆ ಅಂತರದಲ್ಲಿ ಜನ ಒದ್ದಾಡುತ್ತಾರೆ ಅಂತ. ನೂರು ವರ್ಷ ಹಳೆಯ ಮಾತು. ಹೆಬ್ಬಾಳ ದಾಟಿ ಉತ್ತರಕ್ಕೆ ಹೋದರೆ ಈಗಲೂ ಕಣ್ಣಿಗೆ ಕಾಣುತ್ತದೆ.

ಮೊದಲು ವೇಗದ ಮಾತು. ಸುಮಾರು 4,000 ಎಕರೆಯ ಏರ್‌ಪೋರ್ಟಿನಿಂದ ಮೊದಲ ವಿಮಾನಗಳು ಹಾರಿದ್ದು 2008ರ ಮೇನಲ್ಲಿ. ಅದರ ಸುತ್ತಲಿನ ಹಳ್ಳಿಗಳಿಂದ ನನ್ನ ಹತ್ತಿರ ಬರುವವರು ಹೆಚ್ಚುಕಡಿಮೆ ಒಂದೇ ಮಾತಿಂದ ಶುರು ಮಾಡುತ್ತಾರೆ: "ಮೇಡಂ, ನಮಗೇನೂ ಕಷ್ಟ ಇಲ್ಲ, ಆದ್ರೂ..." ಆ 'ಆದ್ರೂ' ಹೇಳಲು ಅವರಿಗೆ ನಾಚಿಕೆ. ದುಡ್ಡು ಬಂದ ಮೇಲೆ ಬೇಜಾರು ಅಂದರೆ ನೆಂಟರು ನಗುತ್ತಾರಲ್ಲ. ಆದರೆ ಒಳ್ಳೆಯದಾದರೂ ಬದಲಾವಣೆ ಬದಲಾವಣೆಯೇ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳಿಗೆ ಅಂಕ ಹಾಕಿ ಒಂದು ಪಟ್ಟಿ ಮಾಡಿದರು. ಗಂಡನೋ ಹೆಂಡತಿಯೋ ತೀರಿಕೊಂಡರೆ 100. ಮದುವೆಯಾದರೆ 50! ಹಣಕಾಸಿನ ಸ್ಥಿತಿ ತುಂಬಾ ಬದಲಾದರೆ, ಮೇಲಕ್ಕೋ ಕೆಳಕ್ಕೋ, 38. ಕಸುಬು ಬದಲಾದರೆ 36. ಬದುಕುವ ರೀತಿ ಬದಲಾದರೆ 25. ಮನೆ ಬದಲಾದರೆ 20. ನಿಮ್ಮಪ್ಪನಿಗೆ ಇವು ನಾಲ್ಕೂ ಒಂದೇ ವರ್ಷದಲ್ಲಿ ಬಂದಿರಬೇಕು. ಕೂಡಿಸಿದರೆ 119. ಹೆಂಡತಿ ಹೋದ ದುಃಖಕ್ಕಿಂತ ಜಾಸ್ತಿ ಅಂತ ನಾನು ಹೇಳುತ್ತಿಲ್ಲ, ಈ ಅಂಕಗಳನ್ನು ತಕ್ಕಡಿ ಹಾಗೆ ನಂಬಲೂಬಾರದು. ಆದರೆ ಹೆಂಡತಿ ತೀರಿಕೊಂಡರೆ ಊರೆಲ್ಲ ಬಂದು ಕೂರುತ್ತದೆ, ಹದಿಮೂರು ದಿನ ಯಾರೂ ಕೆಲಸ ಹೇಳುವುದಿಲ್ಲ. ಜಮೀನು ಹೋದಾಗ ಬಂದವರು ಸ್ವೀಟ್ ಬಾಕ್ಸ್ ತಂದಿರುತ್ತಾರೆ.

ಇಲ್ಲಿ ಒಂದು ಹಳೆಯ ಅಧ್ಯಯನ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಆಸ್ಟ್ರಿಯಾದಲ್ಲಿ ಮಾರಿಯೆಂಟಾಲ್ ಅಂತ ಒಂದು ಹಳ್ಳಿ. ಇಡೀ ಊರು ಒಂದು ಬಟ್ಟೆ ಗಿರಣಿಯ ಮೇಲೆ ನಿಂತಿತ್ತು, 1930ರ ಹೊತ್ತಿಗೆ ಅದು ಪೂರ್ತಿ ಮುಚ್ಚಿತು. ಮೇರಿ ಯಹೋಡಾ ಮತ್ತು ಅವರ ಜೊತೆಯವರು ಅಲ್ಲಿಗೆ ಹೋಗಿ ಪ್ರಶ್ನೆ ಕೇಳಿದ್ದಷ್ಟೇ ಅಲ್ಲ, ಕಿಟಕಿ ಹಿಂದೆ ಕೂತು ರಸ್ತೆಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮಧ್ಯೆ ಮಧ್ಯೆ ಸುಮ್ನೆ ನಿಲ್ಲುತ್ತಿದ್ದರು. ಹೆಚ್ಚಿನವರು ಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಕೈತುಂಬಾ ಸಮಯ ಇತ್ತು, ಆದರೆ ಊರಿನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಹೆಂಗಸರು ಮಾತ್ರ ಬಿರಬಿರನೆ ನಡೆಯುತ್ತಿದ್ದರು, ಯಾಕೆಂದರೆ ಅಡುಗೆ, ಬಟ್ಟೆ, ಮಕ್ಕಳು ಎಲ್ಲಿಗೂ ಹೋಗಿರಲಿಲ್ಲ. ಅವರದು ಬಡತನ, ನಿಮ್ಮದು ಸಿರಿವಂತಿಕೆ, ಹೋಲಿಕೆ ಹೇಗೆ ಅಂತ ಕೇಳಬಹುದು. ಆ ಕಿಟಕಿಯಿಂದ ನೋಡಿದ್ದನ್ನು ನಿಮ್ಮ ಗೇಟಿನ ಹತ್ತಿರವೂ ನೋಡಬಹುದು, ನೋಡಿ. ಅಮ್ಮ ಹೇಗಿದ್ದಾರೆ ಅಂತ ನೀವು ಬರೆದೇ ಇಲ್ಲ. ಬಹುಶಃ ಬರೆಯುವಂಥದ್ದು ಏನೂ ಇಲ್ಲ, ಅವರು ಅಡುಗೆಮನೆಯಲ್ಲಿ ಮೊದಲಿನ ಹಾಗೇ ಇದ್ದಾರೆ.

ಹಾಗಾದರೆ ಅಪ್ಪನಿಗೆ ಏನು ಮಾಡಬೇಕು? "ಆರಾಮಾಗಿರಿ ಅಪ್ಪಾ, ಇಷ್ಟು ವರ್ಷ ದುಡಿದಿದ್ದು ಸಾಕು" ಅನ್ನುವುದನ್ನು ಮೊದಲು ನಿಲ್ಲಿಸಿ. ನಿಮ್ಮದು ಪ್ರೀತಿಯ ಮಾತು, ಅವರಿಗೆ ಕೇಳಿಸುವುದು 'ನಿಮ್ಮಿಂದ ಇನ್ನೇನೂ ಆಗಬೇಕಿಲ್ಲ' ಅಂತ. ಯೋಗ ಕ್ಲಾಸು, ವಾಕಿಂಗು, ಹವ್ಯಾಸ ಅಂತಲೂ ಶುರು ಮಾಡಬೇಡಿ. ಒಂದು ಜೀವ ಕಾಯುವ ಕೆಲಸ ಬೇಕು, ತಪ್ಪಿದರೆ ಹಾಳಾಗುವಂಥದ್ದು. ಉಳಿದ ಕಾಲು ಪಾಲು ಜಮೀನು ಏನಾಗಿದೆ? ಅಲ್ಲಿ ನಾಲ್ಕು ಸಾಲು ಹಿಪ್ಪುನೇರಳೆ ಉಳಿದಿದ್ದರೆ ವರ್ಷಕ್ಕೆ ಒಂದು ಬೆಳೆ ತೆಗೆಯಲಿ, ಲಾಭದ ಲೆಕ್ಕ ಕೇಳಬೇಡಿ. ಅದಾಗದಿದ್ದರೆ ಒಂದು ಹಸು. ಅದೂ ಆಗದಿದ್ದರೆ ನಾಲ್ಕು ಚಕ್ಕೋತ ಗಿಡ, ದೇವನಹಳ್ಳಿ ಮಣ್ಣಿನಲ್ಲಿ ಅದು ಬರುವ ಹಾಗೆ ಬೇರೆಲ್ಲೂ ಬರುವುದಿಲ್ಲ ಅಂತ ನಿಮ್ಮ ಕಡೆಯವರೇ ಹೆಮ್ಮೆಯಿಂದ ಹೇಳುತ್ತಾರಲ್ಲ. ನಿಮ್ಮದೇ ತಾಲ್ಲೂಕಿನ ಒಬ್ಬ ಯಜಮಾನರಿಗೆ ಮನೆಯ ಬಾಡಿಗೆ ಲೆಕ್ಕ ಕೊಟ್ಟು ನೋಡಿದೆವು. ಸರಿಹೋಗಲಿಲ್ಲ. ಬಾಡಿಗೆ ತಿಂಗಳಿಗೊಮ್ಮೆ ಬರುತ್ತದೆ, ಬೆಳಿಗ್ಗೆ ನಾಲ್ಕಕ್ಕೆ ಏನೂ ಕೇಳುವುದಿಲ್ಲ. ಹಸು ಕೇಳುತ್ತದೆ.

ಒಂದು ಎಚ್ಚರಿಕೆ ಮಾತ್ರ. ನಾಲ್ಕಕ್ಕೆ ಏಳುವುದು ರೂಢಿಯೂ ಆಗಿರಬಹುದು, ಖಿನ್ನತೆಯ ಲಕ್ಷಣವೂ ಆಗಿರಬಹುದು. ಹೊತ್ತಿಗೆ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ವಯಸ್ಸಾದವರ ಖಿನ್ನತೆಯಲ್ಲಿ ತುಂಬಾ ಕಾಣುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿ ಚೆನ್ನಾಗಿ ನಿದ್ದೆ ಮಾಡಿ ಏಳುತ್ತಾರಾ, ಅಥವಾ ಎರಡಕ್ಕೇ ಎದ್ದು ಕೂತಿರುತ್ತಾರಾ ಅಂತ ಅಮ್ಮನನ್ನು ಕೇಳಿ. ಊಟ ಕಡಿಮೆಯಾಗಿದೆಯಾ, ಪಂಚೆ ಸಡಿಲವಾಗಿದೆಯಾ, ಹಬ್ಬಕ್ಕೂ ಮುಖ ಅರಳುವುದಿಲ್ಲವಾ, "ನಾನಿದ್ದು ಏನು ಪ್ರಯೋಜನ" ಅನ್ನುವಂಥ ಮಾತು ಬಂದಿದೆಯಾ. ಮಾತು ಕಡಿಮೆಯಾಗಲು ಕಿವಿ ಮಂದವಾಗಿರುವುದೂ ಕಾರಣ ಇರಬಹುದು, ಥೈರಾಯ್ಡ್ ಇರಬಹುದು, ಮರೆವಿನ ಶುರುವೂ ಇರಬಹುದು. ಇವನ್ನೆಲ್ಲ ಒಮ್ಮೆ ಡಾಕ್ಟರ್ ಹತ್ತಿರ ನೋಡಿಸಿಬಿಡಿ, ಸಮಾಜ ಬದಲಾಯಿತು ಅಂತ ರಕ್ತಪರೀಕ್ಷೆ ಬಿಡಬೇಡಿ. ಸಾಯುವ ಮಾತು ಬಂದರೆ ಕಾಯಲೇಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ತಮ್ಮನದು ಬೇರೆ ಕತೆ. ಅಪ್ಪನ ಗಡಿಯಾರ ನಿಂತಲ್ಲೇ ನಿಂತಿದೆ, ಅವನದು ಮುಳ್ಳು ಕಳಚಿ ಓಡುತ್ತಿದೆ. ಫ್ರಾನ್ಸಿನ ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಗಳ ಅಂಕಿಅಂಶ ಹರಡಿಕೊಂಡು ಕೂತಾಗ ಒಂದು ವಿಚಿತ್ರ ಕಂಡ. ದಿವಾಳಿಯ ಕಾಲದಲ್ಲಿ ಸಾವು ಹೆಚ್ಚುವುದು ಸರಿ, ದಿಢೀರನೆ ಸಂಪತ್ತು ಬಂದ ಕಾಲದಲ್ಲೂ ಹೆಚ್ಚುತ್ತದಲ್ಲ? ಅವನ ವಿವರಣೆ ಇದು: ನಮಗೆ ಎಷ್ಟು ಆಸೆ ಪಡಬೇಕು ಅಂತ ಹೇಳಿಕೊಡುವುದು ಸಮಾಜ. ಆ ಅಳತೆಗೋಲು ಮುರಿದರೆ ಎಷ್ಟಾದರೂ ಸಾಲುವುದಿಲ್ಲ. ನಿಮ್ಮ ತಮ್ಮ ಹುಟ್ಟಿದಾಗ ನಿಮ್ಮೂರಲ್ಲಿ ಸಾಕು ಅನ್ನುವುದಕ್ಕೆ ಒಂದು ಅಳತೆ ಇತ್ತು. ಎರಡು ಬೋರ್‌ವೆಲ್, ಒಂದು ಆರ್‌ಸಿಸಿ ಮನೆ, ಮಗಳ ಮದುವೆ. ಈಗ ಅಳತೆ ಯಾವುದು? ಪಕ್ಕದ ಸರ್ವೆ ನಂಬರಿನವನು ಎರಡು ವರ್ಷ ತಡೆದು ಮಾರಿದ, ಅವನಿಗೆ ಡಬಲ್ ಸಿಕ್ಕಿತು. ಹಾಗಾಗಿ ಕೋಟಿ ಬಂದವನೂ ಸೋತವನ ಹಾಗೆ ಕೂರುತ್ತಾನೆ. ಆ ಸಿಟ್ಟು ದುಡ್ಡಿಲ್ಲದ್ದಕ್ಕಲ್ಲ, ಲೆಕ್ಕ ಎಲ್ಲೂ ಮುಗಿಯದ್ದಕ್ಕೆ. ಅವನಿಗೆ ಬುದ್ಧಿವಾದ ಹೇಳಿದರೆ ಉಪಯೋಗವಿಲ್ಲ, ಅಕ್ಕ ಹೇಳಿದರಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಒಂದು ಹೊತ್ತಿಗೆ ಒಂದು ಕಡೆ ಹೋಗಲೇಬೇಕಾದ ಕೆಲಸ ಅವನಿಗೂ ಬೇಕು, ಸಂಬಳ ಕಾರಿನ ಡೀಸೆಲ್ಲಿಗೆ ಸಾಲದಿದ್ದರೂ ಸರಿ. ಕುಡಿತ ದಿನಾ ಆಗಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವುದಕ್ಕೇ ಒಂದು ಕೇಂದ್ರ ಇದೆ. ಅವನು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ ಕೇಳಿಕೊಂಡು ಬನ್ನಿ.

ವೇಗ ತೀರಾ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ರಷ್ಯಾ ನೋಡಬೇಕು. 1991ರ ಕೊನೆಗೆ ಸೋವಿಯತ್ ಒಕ್ಕೂಟ ಮುಗಿಯಿತು, 1992ರ ಜನವರಿ 2ರಂದು ಬೆಲೆಗಳ ಮೇಲಿನ ಹಿಡಿತ ಬಿಟ್ಟರು, ಕೂಡಿಟ್ಟ ದುಡ್ಡು ಕರಗಿಹೋಯಿತು, ಕಾರ್ಖಾನೆಗಳು ಯಾರ್‍ಯಾರದೋ ಆದವು. 1990ರಲ್ಲಿ ಗಂಡಸರ ಸರಾಸರಿ ಆಯುಷ್ಯ ಸುಮಾರು 64 ವರ್ಷ ಇದ್ದದ್ದು 1994ಕ್ಕೆ 58ಕ್ಕಿಂತ ಕೆಳಗೆ ಬಿತ್ತು. ಯುದ್ಧವಿಲ್ಲ, ಬರವಿಲ್ಲ. ಹೀಗೆ ಹೆಚ್ಚುವರಿಯಾಗಿ ಸತ್ತವರಲ್ಲಿ ಬಹಳಷ್ಟು ಜನ ಮುದುಕರಲ್ಲ, ದುಡಿಯುವ ವಯಸ್ಸಿನ ಗಂಡಸರು. ಹೃದಯ, ಮದ್ಯ, ಅಪಘಾತ, ಆತ್ಮಹತ್ಯೆ. ಇದನ್ನು ಓದಿ 'ನೋಡಿದಿರಾ, ವೇಗವೇ ಕೊಲ್ಲುತ್ತದೆ' ಅನ್ನಬೇಡಿ. ಜೆಕ್ ದೇಶದಲ್ಲೂ ಅದೇ ವರ್ಷಗಳಲ್ಲಿ ಸರ್ಕಾರಿ ಕಂಪನಿಗಳನ್ನು ಸರಸರನೆ ಖಾಸಗಿ ಮಾಡಿದರು, ಅಲ್ಲಿ ಆಯುಷ್ಯ ಏರಿತು. ಯಾಕೆ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಸಂಘ, ಚರ್ಚು, ಕ್ರೀಡಾ ಕ್ಲಬ್ಬು ಅಂತ ಜನ ಒಂದಲ್ಲ ಒಂದು ಗುಂಪಿನಲ್ಲಿದ್ದ ದೇಶಗಳು ಇಂಥ ಏಟನ್ನು ತಡೆದುಕೊಂಡವು ಅನ್ನುವ ವಾದ ಒಂದಿದೆ, ನನಗೆ ಅದು ನಂಬುವಂಥದ್ದು ಅನಿಸುತ್ತದೆ. ನಿಮ್ಮೂರಿನ ಹಾಲಿನ ಡೇರಿ ಇನ್ನೂ ಇದೆಯಾ? ಭಜನೆ ಮನೆ? ಅಪ್ಪ ಅಲ್ಲಿಗೆ ಹೋಗುವುದನ್ನು ಯಾವಾಗ ಬಿಟ್ಟರು ಅಂತ ವಿಚಾರಿಸಿ. ಜಮೀನು ಹೋದ ದಿನಕ್ಕಿಂತ ಆ ದಿನ ಮುಖ್ಯ ಇರಬಹುದು.

ಈಗ ಕೊಪ್ಪಕ್ಕೆ ಬರೋಣ. ಅಲ್ಲಿ ಏನೂ ಬದಲಾಗಿಲ್ಲ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಹೊರಗಿನ ಹೆಂಚು, ಕಂಬ, ಜಗಲಿ ಹಾಗೇ ಇವೆ ಅಷ್ಟೆ. ಅತ್ತೆ ಆ ಮನೆಗೆ ಸೊಸೆಯಾಗಿ ಬಂದಾಗ ಎಷ್ಟು ಜನರಿಗೆ ಅನ್ನ ಬಸಿಯುತ್ತಿದ್ದರು, ಈಗ ಎಷ್ಟು ಜನರಿಗೆ, ಕೇಳಿದ್ದೀರಾ? ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯವರೂ ಬಂದು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಸುಲಿಯುತ್ತಿದ್ದರು, ಊರಿನ ಕತೆಯೆಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು, ಬಾಣಂತಿಯ ಸುದ್ದಿ, ಓಡಿಹೋದವರ ಸುದ್ದಿ, ಮಧ್ಯೆ ಒಂದು ಸುತ್ತು ಕಾಫಿ. ಆಮೇಲೆ ಸುಲಿಯುವ ಯಂತ್ರ ಬಂತು. ಆಮೇಲೆ ಅದೂ ಬೇಡ ಅಂತ ಹಸಿ ಅಡಿಕೆಯನ್ನೇ ಚೇಣಿಗೆ, ಅಂದರೆ ಫಸಲು ಗುತ್ತಿಗೆ ಹಿಡಿಯುವವರಿಗೆ, ಕೊಡಲು ಶುರುವಾಯಿತು. ಈಗ ಅಂಗಳಕ್ಕೆ ಅಡಿಕೆಯೇ ಬರುವುದಿಲ್ಲ. ಇದೆಲ್ಲ ಆಗಲು ಮೂವತ್ತು ನಲವತ್ತು ವರ್ಷ ಹಿಡಿದಿದೆ. ಅದಕ್ಕೇ ಯಾರಿಗೂ ಕಾಣಿಸಲಿಲ್ಲ.

ಇನ್ನು ತೋಟದ ಹಳದಿ. ನೀವು 'ಸ್ವಲ್ಪ' ಅಂದಿರಿ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಹತ್ತಾರು ವರ್ಷಗಳಿಂದ ಇದೆ, ಇವತ್ತಿಗೂ ಪಕ್ಕಾ ಮದ್ದಿಲ್ಲ. ಅದರ ಸ್ವಭಾವ ನೋಡಿ. ಮರ ಒಂದೇ ದಿನ ಸಾಯುವುದಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಅಡಿಕೆ ಉದುರುತ್ತದೆ, ಉಳಿದದ್ದು ಒಳಗೆ ಕಪ್ಪಾಗುತ್ತದೆ, ಫಸಲು ವರ್ಷ ವರ್ಷ ಇಳಿಯುತ್ತದೆ. ನಡುವೆ ಒಂದು ವರ್ಷ ಮರ ಚೇತರಿಸಿಕೊಂಡ ಹಾಗೆ ಕಂಡು ಆಸೆ ಹುಟ್ಟುತ್ತದೆ. ಗೊಬ್ಬರ ಹಾಕುತ್ತಾರೆ, ಸುಣ್ಣ ಹಾಕುತ್ತಾರೆ, ಹೊಸ ಸಸಿ ನೆಡುತ್ತಾರೆ, ಅದೂ ಹಳದಿ. ನಿಧಾನದ ಬದಲಾವಣೆ ಮನಸ್ಸಿಗೆ ಮಾಡುವುದೂ ಇದನ್ನೇ. ಅಳಲು ಒಂದು ದಿನ ಸಿಗುವುದಿಲ್ಲ. ನಿಮ್ಮಪ್ಪನಿಗೆ ಕನಿಷ್ಠ ಒಂದು ತಾರೀಕು ಇದೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟೊತ್ತಿದ ದಿನ. ಅತ್ತೆಗೆ ತೋಟ ಯಾವತ್ತು ಹೋಯಿತು, ಮನೆ ಯಾವತ್ತು ಖಾಲಿಯಾಯಿತು ಅಂತ ಹೇಳಲು ಒಂದು ತಾರೀಕೂ ಇಲ್ಲ. ಮಗ ಊರು ಬಿಟ್ಟ ದಿನವೇ? ಅವತ್ತು ಅವರೇ ಚಕ್ಕುಲಿ ಡಬ್ಬಿ ಕಟ್ಟಿಕೊಟ್ಟು ಖುಷಿಯಿಂದ ಕಳಿಸಿದ್ದರು.

ಪೌಲೀನ್ ಬಾಸ್ ಅನ್ನುವ ಅಮೆರಿಕದ ವಿದ್ವಾಂಸೆ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡಿದರು. ಸತ್ತರೆ ಸತ್ತರು ಅನ್ನಬಹುದು, ಬಂದರೆ ಬಂದರು ಅನ್ನಬಹುದು. ಎರಡೂ ಆಗದಿದ್ದರೆ ದುಃಖ ಹೆಪ್ಪುಗಟ್ಟುತ್ತದೆ ಅಂತ ಅವರಿಗೆ ಕಂಡಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಾನು ಇದನ್ನೇ ನೋಡುತ್ತೇನೆ. ಮಗ ಇದ್ದಾನೆ, ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡುತ್ತಾನೆ. ಆದರೆ ಇಲ್ಲ. ತೋಟ ಇದೆ. ಆದರೆ ಇಲ್ಲ. ಅತ್ತೆಗೆ ಬೇಕಿರುವುದು ಸಮಾಧಾನವಲ್ಲ, ಆಗಿದ್ದನ್ನು ಆಗಿದೆ ಅಂತ ಯಾರಾದರೂ ಒಪ್ಪುವುದು. ಮುಂದಿನ ಸಲ ಹೋದಾಗ "ಇಲ್ಲಿ ಎಷ್ಟು ಚೆನ್ನಾಗಿದೆ, ಪೇಟೆ ಗಲಾಟೆ ಇಲ್ಲ" ಅನ್ನಬೇಡಿ. ನಾವೆಲ್ಲ ಹೀಗೆ ಹೇಳುತ್ತೇವೆ, ಎರಡು ದಿನಕ್ಕೆ ಹೋದವರಿಗೆ ಚೆನ್ನಾಗಿಯೇ ಇರುತ್ತದೆ. ಅವರ ಜೊತೆ ತೋಟದಲ್ಲಿ ಒಂದು ಸುತ್ತು ಹಾಕಿ. ಯಾವ ಮರ ಯಾರು ನೆಟ್ಟದ್ದು ಅಂತ ಕೇಳಿ. ಹೋದ ಮರವನ್ನು ಕಡಿಸುವ ತೀರ್ಮಾನ ಗಂಡ ಮಕ್ಕಳು ಫೋನಿನಲ್ಲಿ ಮಾಡಿ ಮುಗಿಸುವುದು ಬೇಡ, ಆ ದಿನ ಎಲ್ಲರೂ ಅಲ್ಲಿರಿ. ಬೇಕಿದ್ದರೆ ಒಂದು ಪೂಜೆ ಮಾಡಿಸಿ. ನಾನು ಪೂಜೆ ಪುನಸ್ಕಾರದವಳಲ್ಲ, ಆದರೆ ಒಂದು ತಾರೀಕು ಹುಟ್ಟಿಸಲು ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ನೀವು ವೇಗ ಮತ್ತು ನಿಧಾನ ಎರಡನ್ನೇ ಕೇಳಿದ್ದೀರಿ. ಮೂರನೆಯದೊಂದಿದೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅದೇ. ಬರುತ್ತದೆ ಬರುತ್ತದೆ ಅಂತ ಹೇಳಿ ಬಾರದ ಬದಲಾವಣೆ. ನಾನು ಬಾಗಲಕೋಟೆ ಕಡೆಯವಳು, ಹಾಗಾಗಿ ಈ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇರುತ್ತದೆ, ಸಹಿಸಿಕೊಳ್ಳಿ. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿನವರೆಗೆ. ಅದನ್ನು 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ನದಿಯ ನೀರು ಹಂಚುವ ನ್ಯಾಯಮಂಡಳಿ ಹೇಳಿದ್ದು 2010ರ ಡಿಸೆಂಬರಿನಲ್ಲಿ. ಐದು ಮೀಟರೂ ಇಲ್ಲದ ಆ ಎತ್ತರದ ನಡುವೆ ಊರುಗಳಿವೆ, ಕಬ್ಬಿನ ಹೊಲಗಳಿವೆ, ನಮ್ಮ ಕಾಕಾನ ಮನೆಯಿದೆ. ಊರಲ್ಲಿ ಎಲ್ಲರೂ ಅದನ್ನು 'ಐದನೂರಾ ಇಪ್ಪತ್ನಾಕು' ಅಂತಲೇ ಕರೆಯುತ್ತಾರೆ, ಯಾರೋ ಬರಬೇಕಾದ ನೆಂಟರ ಹೆಸರಿನ ಹಾಗೆ. ಕಾಕಾ ಗೋಡೆಗೆ ಸುಣ್ಣ ಹಚ್ಚಿ ಎಷ್ಟೋ ವರ್ಷವಾಯಿತು. "ಯಾಕ ಹಚ್ಚಬೇಕವ್ವಾ, ನಾಳೆ ಮುಳಗೂ ಮನಿಗೆ?" ಅಂತಾರೆ. ಸೋರುವ ಮಾಳಿಗೆ ಸೋರುತ್ತಲೇ ಇದೆ. ಹೊಸ ಬೋರ್ ಹಾಕಿಸಿಲ್ಲ. ಮಗನಿಗೆ ಹೆಣ್ಣು ಕೇಳಲು ಹೋದರೆ "ಮುಳುಗಡೆ ಊರು" ಅಂತ ಹಿಂದೆ ಸರಿಯುತ್ತಾರೆ. ನಾಳೆ ಇನ್ನೂ ಬಂದೇ ಇಲ್ಲ. ಮೊದಲ ಸುತ್ತಿನ ಮುಳುಗಡೆಯಲ್ಲೇ ಹಳೇ ಊರು ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಹೋದವರಿಗೆ ಅವರದೇ ಗೋಳಿದೆ, ಇಲ್ಲ ಅಂತಲ್ಲ. ಆದರೆ ಅವರು ಅತ್ತು, ಬೈದು, ಹೊಸ ಓಣಿಯಲ್ಲಿ ಬೇವಿನ ಗಿಡ ನೆಟ್ಟು ಆ ಗಿಡ ಮರವಾಗಿದೆ. ಕಾಕಾ ಗಿಡ ನೆಟ್ಟಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಒಂದು ಪ್ರಯೋಗ ಮಾಡಿದರು. 45 ಜನರನ್ನು ಕೂರಿಸಿ ಕಂಪ್ಯೂಟರಿನಲ್ಲಿ ಕಲ್ಲುಗಳ ಚಿತ್ರ ತೋರಿಸುತ್ತಾರೆ, ಅಡಿಯಲ್ಲಿ ಹಾವಿದೆಯೋ ಇಲ್ಲವೋ ಹೇಳಬೇಕು. ಹಾವಿದ್ದರೆ ಕೈಗೆ ಸಣ್ಣ ಕರೆಂಟ್ ಶಾಕ್. ಬೆವರು ಮತ್ತು ಕಣ್ಣಿನ ಪಾಪೆ ನೋಡಿ ಒತ್ತಡ ಅಳೆದರು. ಶಾಕ್ ಹೊಡೆದೇ ಹೊಡೆಯುತ್ತದೆ ಅಂತ ಖಾತ್ರಿ ಇದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆದರೂ ಹೊಡೆಯಬಹುದು ಅಂತ ಅರ್ಧಕ್ಕರ್ಧ ಅನುಮಾನ ಇದ್ದಾಗಲೇ ಒತ್ತಡ ಜಾಸ್ತಿ. ಕಾಕಾನಿಗೆ ಇದನ್ನು ಹೇಳಿದೆ. "ಇದನ್ನ ತಿಳ್ಕೊಳ್ಳಾಕ ಲಂಡನ್ನಿಗೆ ಹೋಗಬೇಕೇನು?" ಅಂದರು.

ನಿಮ್ಮ ತವರಿನ ಮಗ್ಗುಲಲ್ಲೇ, ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಜಮೀನು ಸ್ವಾಧೀನದ ವಿಷಯ ನಿಮಗೆ ಗೊತ್ತಿರುತ್ತದೆ. 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತರು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಅದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಜಮೀನು ಕೊಡಬೇಕು ಅಂತ ಇದ್ದವರೂ ಅಲ್ಲಿದ್ದರು. ನನಗೆ ಮುಖ್ಯ ಅನಿಸುವುದು ಬೇರೆ. ಅವರೂ ಕಾದರು, ನಮ್ಮ ಕಾಕಾನೂ ಕಾದರು. ಆದರೆ ಅವರು ಒಟ್ಟಿಗೆ ಕೂತು ಕಾದರು. ಇವತ್ತು ಟೆಂಟಿಗೆ ಯಾರ ಮನೆಯ ಊಟ, ನಾಳೆ ಯಾರನ್ನು ನೋಡಲು ಹೋಗಬೇಕು ಅಂತ ದಿನಕ್ಕೊಂದು ಕೆಲಸ ಇರುತ್ತಿತ್ತು. ಕಾಲದ ಒಂದು ತುದಿಯನ್ನಾದರೂ ಅವರು ಕೈಯಲ್ಲಿ ಹಿಡಿದಿದ್ದರು. ಕಾಕಾನ ಕೈಯಲ್ಲಿ ಏನೂ ಇಲ್ಲ. ವರ್ಷಕ್ಕೊಮ್ಮೆ ಯಾರೋ ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರ್ ಬರೆದು ಹೋಗುತ್ತಾರೆ.

ಇದನ್ನು ನಿಮ್ಮ ಮನೆಗೆ ತಂದು ನೋಡಿ. ಉಳಿದ ಜಮೀನನ್ನು ಮಾರುತ್ತೀರಾ ಇಲ್ಲವಾ? ತಮ್ಮ ಮಾರೋಣ ಅಂತ, ಅಪ್ಪ ಸುಮ್ಮನೆ, ನೀವು ನೋಡೋಣ ಅಂತ ಇರಬಹುದು, ನನ್ನ ಊಹೆ. ಹಾಗಿದ್ದರೆ ಅಪ್ಪ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಕಾಯುತ್ತಿರುವುದು ಅದನ್ನೇ ಇರಬಹುದು. ಒಂದು ತೀರ್ಮಾನ ಮಾಡಿ, ಅವರೆದುರೇ ಮಾಡಿ. 'ಅಪ್ಪ ಇರುವ ತನಕ ಇದನ್ನು ಮುಟ್ಟುವುದಿಲ್ಲ' ಅಂತಲೇ ಆದರೂ ಅದನ್ನು ಬಾಯಿಬಿಟ್ಟು ಹೇಳಿ.

ಕೊನೆಯದಾಗಿ ಫ್ಲ್ಯಾಟಿನ ವಿಷಯ. ಈಗ ಬೇಡ. ಅವರಿಗೆ ಈಗಾಗಲೇ ಇಷ್ಟೆಲ್ಲ ಕಳಚಿದೆ. ಗೇಟು, ಕಾಂಪೌಂಡು, ಎದುರುಗಡೆ ಒಂದು ಕಾಲದಲ್ಲಿ ತಮ್ಮದಾಗಿದ್ದ ಹೊಲದ ದಿಕ್ಕು, ಅಷ್ಟೇ ಉಳಿದಿರುವುದು. ಹತ್ತನೇ ಮಹಡಿಯಲ್ಲಿ ನಾಲ್ಕಕ್ಕೆ ಎದ್ದರೆ ಸೆಕ್ಯೂರಿಟಿಯವರು ಕೂಡ ಮಾತಾಡಿಸಲ್ಲ. ಕರೆಯಲೇಬೇಕು ಅನಿಸಿದರೆ ಹದಿನೈದು ದಿನಕ್ಕೆ ಕರೆಯಿರಿ, ಬರುವ ದಿನದ ಜೊತೆ ವಾಪಸ್ ಹೋಗುವ ದಿನವನ್ನೂ ಮೊದಲೇ ಹೇಳಿ. ಹಸು ತಂದಿದ್ದರೆ ಅವರು ಹದಿನೈದು ದಿನವೂ ಇರುವುದಿಲ್ಲ, ಮೂರನೇ ದಿನಕ್ಕೇ ಹಾಲು ಕರೆಯುವವರು ಯಾರು ಅಂತ ಜಗಳ ತೆಗೆದು ಬಸ್ ಹತ್ತುತ್ತಾರೆ. ಹಾಗೆ ಜಗಳ ತೆಗೆದರೆ ನನಗೆ ಒಂದು ಸಾಲು ಬರೆದು ತಿಳಿಸಿ.